ಚಾರ್ಟಪ್ಪನ ಈಜು ಪರೀಕ್ಷೆ

ನಮ್ಮ ಅತ್ತೆಗೆ ಇಬ್ಬರು ಅಳಿಯಂದಿರು, ಇಬ್ಬರೂ ನೌಕಾಪಡೆಯ ಒಂದೇ ಹಡಗಿನಲ್ಲಿದ್ದೇವೆ. ದೊಡ್ಡ ಅಳಿಯನಾದ ನಾನು ಅಡುಗೆಯವ. ದಿನಕ್ಕೆ ಮೂರು ಹೊತ್ತು ಎಪ್ಪತ್ತೆಂಟು ಹೊಟ್ಟೆ ತುಂಬಿಸುತ್ತೇನೆ, ಅದಕ್ಕೆ ಇವತ್ತಿನವರೆಗೆ ಯಾರೂ ನನ್ನನ್ನು ಹೊಗಳಿದ್ದಿಲ್ಲ. ಚಿಕ್ಕ ಅಳಿಯ, ಅಂದರೆ ನನ್ನ ಷಡ್ಡಕ, ಹಡಗಿನ ತರಬೇತಿ ಯೋಜಕ. ಯಾರು ಯಾವ ದಿನ ಯಾವ ಗಂಟೆಗೆ ಏನು ಕಲಿಯಬೇಕು ಎಂದು ಕಾಗದದ ಮೇಲೆ ಬರೆಯುವುದು ಅವನ ಕೆಲಸ. ಅವನು ಬಾಯಿ ತೆರೆದರೆ ಸಾಕು, ಅತ್ತೆಯ ಮನೆಯಲ್ಲಿ ರೇಡಿಯೊ ಆರಿಸುತ್ತಾರೆ. ನನಗೇನೂ ಹೊಟ್ಟೆಕಿಚ್ಚಿಲ್ಲ, ಇದ್ದ ವಿಷಯ ಹೇಳಿದೆ ಅಷ್ಟೆ.

ಹಡಗಿನಲ್ಲಿ ಎಲ್ಲರೂ ಅವನನ್ನು ಚಾರ್ಟಪ್ಪ ಎಂದೇ ಕರೆಯುವುದು. ಊಟದ ಕೋಣೆಯ ಒಂದು ಗೋಡೆಯನ್ನು ಅವನ ಚಾರ್ಟು ಪೂರ್ತಿ ನುಂಗಿದೆ. ಎಡಗಡೆ ಎಪ್ಪತ್ತೆಂಟು ಹೆಸರು, ಮೇಲುಗಡೆ ವಾರಗಳು, ನಡುವೆ ಲೆಕ್ಕವಿಲ್ಲದಷ್ಟು ಪುಟ್ಟ ಚೌಕಗಳು. ಬೆಂಕಿ ಆರಿಸುವುದು ಕೆಂಪು, ಸೋರಿಕೆ ಮುಚ್ಚುವುದು ನೀಲಿ, ಪ್ರಥಮ ಚಿಕಿತ್ಸೆ ಹಸಿರು, ಈಜು ನೇರಳೆ. ಒಮ್ಮೆ ಬೆಂಕಿಯ ಕವಾಯತಿನಲ್ಲಿ ಎರಡು ತಂಡದವರು ಒಂದೇ ಬಾಗಿಲಿಗೆ ನುಗ್ಗಿ ಮೂವರ ಹಲ್ಲು ಅಲ್ಲಾಡಿದ ಮೇಲೆ ಅವನು ಒಂದು ಕಟ್ಟುನಿಟ್ಟಿನ ನಿಯಮ ತಂದಿದ್ದ. ಒಬ್ಬನ ಚೌಕದಲ್ಲಿರುವ ಕೆಲಸಕ್ಕೆ ಇನ್ನೊಬ್ಬ ಕೈ ಹಾಕುವಂತಿಲ್ಲ. ಆಗಿನ ಕಪ್ತಾನರು ಅದಕ್ಕೆ ಸಹಿ ಹಾಕಿದರು, ಆವತ್ತಿನಿಂದ ನಮ್ಮ ಹಡಗಿನಲ್ಲಿ ಪಕ್ಕದವನ ಚಮಚ ಕೆಳಗೆ ಬಿದ್ದರೂ ಎತ್ತಿಕೊಡುವ ಮುಂಚೆ ಜನ ಗೋಡೆ ಕಡೆ ನೋಡುತ್ತಿದ್ದರು.

ಎಡವಟ್ಟು ಶುರುವಾದದ್ದು ಅತ್ತೆಯ ಮನೆಯ ಊಟದ ಮೇಜಿನಲ್ಲಿ. ಮಾವ ನಿವೃತ್ತ ಅಂಚೆ ಮಾಸ್ತರರು, ಎಲ್ಲವನ್ನೂ ಕೆದಕಿ ಕೇಳುವ ಸ್ವಭಾವ. ಹಡಗಿನಲ್ಲಿ ನೀನು ಬರೆಯುವುದು ಬಿಟ್ಟು ಬೇರೆ ಏನಾದರೂ ಮಾಡುತ್ತೀಯಾ ಎಂದು ಚಾರ್ಟಪ್ಪನನ್ನು ಕೇಳಿದರು. ನಾನು ತಲೆ ತಗ್ಗಿಸಿ ಸೂಪು ಕುಡಿಯುತ್ತಿದ್ದೆ, ಒಳಗೊಳಗೇ ಖುಷಿಯಾಗಿದ್ದು ನಿಜ. ಚಾರ್ಟಪ್ಪ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ವರ್ಷಕ್ಕೊಮ್ಮೆ ನಡೆಯುವ ಈಜು ಪರೀಕ್ಷೆಯಲ್ಲಿ ಕೊಳದ ದಡದ ರಕ್ಷಣಾ ಕರ್ತವ್ಯ ತನ್ನದೇ ಎಂದೂ, ಹನ್ನೊಂದು ವರ್ಷದಲ್ಲಿ ಒಬ್ಬರೂ ಮುಳುಗಿಲ್ಲವೆಂದೂ ಹೇಳಿದ. ಅತ್ತೆ ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದರು. ನನ್ನ ತಟ್ಟೆ ಅವರ ಕಣ್ಣಿಗೆ ಬೀಳಲಿಲ್ಲ.

ಅವನು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ, ಅದೇ ದೊಡ್ಡ ತೊಂದರೆ. ಹೊಸ ಕಪ್ತಾನರು ಬಂದು ಮೂರೇ ದಿನದಲ್ಲಿ ಹಳೆಯ ಚಾರ್ಟುಗಳನ್ನೆಲ್ಲ ತರಿಸಿಕೊಂಡು ಓದಿದರು. ನನಗೆ ತಿಳಿದ ಮಟ್ಟಿಗೆ ಅವನ್ನು ಪೂರ್ತಿ ಓದಿದ ಮೊದಲ ಮನುಷ್ಯ ಅವರೇ. ಹನ್ನೊಂದು ವರ್ಷ, ಒಬ್ಬನೇ ರಕ್ಷಕ, ಒಂದೂ ಅವಘಡವಿಲ್ಲ ಎಂದು ಅವರು ಸಭೆಯಲ್ಲಿ ಚಾರ್ಟಪ್ಪನ ಬೆನ್ನು ತಟ್ಟಿದರು. ಆಮೇಲೆ ಎರಡು ಆಜ್ಞೆ ಹೊರಡಿಸಿದರು. ಮುಂದಿನ ತಿಂಗಳ ದೀರ್ಘ ಪ್ರಯಾಣಕ್ಕೆ ಈಜಿನ ಪ್ರಮಾಣಪತ್ರ ಇಲ್ಲದವರು ಹಡಗು ಹತ್ತುವಂತಿಲ್ಲ. ಹಡಗಿನ ಕುಟುಂಬ ದಿನದಂದು, ಎಲ್ಲರ ಮನೆಯವರ ಮುಂದೆ, ಈಜು ಪರೀಕ್ಷೆಯನ್ನು ಚಾರ್ಟಪ್ಪನೇ ನೀರಿಗೆ ಧುಮುಕಿ ಉದ್ಘಾಟಿಸಬೇಕು.

"ನಿಮ್ಮ ಸಾಲಿನಲ್ಲಿ ನೇರಳೆ ಚೌಕ ಒಂದೂ ಇಲ್ಲ, ನೋಡಿದೆ," ಎಂದರು ಕಪ್ತಾನರು. "ಬೇರೆಯವರ ಪರೀಕ್ಷೆಗೋಸ್ಕರ ನಿಮ್ಮದನ್ನೇ ಬಿಟ್ಟಿದ್ದೀರಿ. ಒಂದು ಸಲ ನೀರಿಗೆ ಬಿದ್ದು ಎದ್ದುಬಿಡಿ, ಶಾಸ್ತ್ರಕ್ಕೆ."

ಮಾರನೆಯ ದಿನದಿಂದ ಚಾರ್ಟು ಹುಚ್ಚು ಹಿಡಿದವರ ಹಾಗೆ ಕುಣಿಯತೊಡಗಿತು. ಕುಟುಂಬ ದಿನಕ್ಕೇ ಸರಿಯಾಗಿ ಇಡೀ ಹಡಗಿಗೆ ಹಲ್ಲಿನ ತಪಾಸಣೆ ಬಂದು ಕೂತಿತು. ಕಪ್ತಾನರು ಅದನ್ನು ಹಿಂದಿನ ದಿನಕ್ಕೆ ತಳ್ಳಿದರು. ಆ ಜಾಗಕ್ಕೆ ದೋಣಿ ಇಳಿಸುವ ಅಭ್ಯಾಸ ಬಂತು, ಅದನ್ನೂ ತಳ್ಳಿದರು. ಬಂದರಿನ ಕೊಳ ತೊಳೆಸಬೇಕು ಎಂದು ಪತ್ರ ಹೋಯಿತು, ಕೊಳದ ಕಾವಲುಗಾರ ಹೋದ ವಾರವಷ್ಟೇ ತೊಳೆಸಿದ್ದೇನೆಂದು ಮುಖ ಊದಿಸಿಕೊಂಡು ಉತ್ತರ ಬರೆದ. ಈ ತಳ್ಳಾಟದಲ್ಲಿ ನನ್ನ ಅಡುಗೆಮನೆಯವರ ಬೆಂಕಿ ತರಬೇತಿ ಮಧ್ಯಾಹ್ನಕ್ಕೆ ಬಂದು, ಮಧ್ಯಾಹ್ನದ ಊಟ ಬೆಳಿಗ್ಗೆ ಹತ್ತೂವರೆಗೆ ಹೋಯಿತು. ಆಗತಾನೆ ತಿಂಡಿ ತಿಂದು ಎದ್ದಿದ್ದ ಎಂಜಿನ್ ಕೋಣೆಯವರು ನನ್ನ ಮುಖ ನೋಡಿ ಹಲ್ಲು ಕಡಿದರು. ಹಲ್ಲಿನ ವೈದ್ಯರಂತೂ ಮೂರು ಸಲ ಸಲಕರಣೆ ಹೊತ್ತು ಬಂದು ಮೂರು ಸಲ ಹೊತ್ತುಕೊಂಡು ಹೋಗಿ, ನಾಲ್ಕನೇ ಸಲ ಬಂದಾಗ ಎದುರಿಗೆ ಸಿಕ್ಕಿದವನ ಹಲ್ಲು ಕೇಳದೆಯೇ ಕಿತ್ತರು.

ನಾನು ಚಾರ್ಟಪ್ಪನನ್ನು ತರಕಾರಿ ಇಡುವ ತಂಪು ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿ, ಏನಯ್ಯಾ ನಿನ್ನ ಕಥೆ ಎಂದು ಕೇಳಿದೆ. ಅವನು ಎಲೆಕೋಸಿನ ಮೂಟೆಯ ಮೇಲೆ ಕುಸಿದು ಕೂತ.

"ಭಾವ, ನಂಗೆ ಈಜು ಬರಲ್ಲ."

ನೌಕಾಪಡೆ ಸೇರಿದ ವರ್ಷ ಈಜು ಪರೀಕ್ಷೆಯ ದಿನ ಅವನಿಗೆ ಕೆಪ್ಪಟೆಯಾಗಿ ಕೆನ್ನೆ ಊದಿತ್ತಂತೆ. ಕಾಗದದ ಮೇಲೆ ಯಾರೋ 'ನಂತರ ನೋಡೋಣ' ಎಂದು ಬರೆದರು. ಆ ನಂತರ ಬರುವಷ್ಟರಲ್ಲಿ ಚಾರ್ಟು ಬರೆಯುವ ಕೆಲಸ ಅವನ ಕೈಗೇ ಬಂದಿತ್ತು. ರಕ್ಷಣಾ ಕರ್ತವ್ಯದಲ್ಲಿರುವವನಿಗೆ ಆ ದಿನ ಪರೀಕ್ಷೆ ಇರುವುದಿಲ್ಲ, ಹಾಗಾಗಿ ಹನ್ನೊಂದು ವರ್ಷವೂ ಆ ಚೌಕದಲ್ಲಿ ತನ್ನ ಹೆಸರೇ ಬರೆದುಕೊಂಡ. ಅಂದರೆ ಹನ್ನೊಂದು ವರ್ಷ ನಾವೆಲ್ಲ ಈಜುವಾಗ ನಮ್ಮ ಪ್ರಾಣ ಕಾಯುತ್ತಿದ್ದವನು, ಸೊಂಟದುದ್ದ ನೀರು ಕಂಡರೆ ನಡುಗುವ ಈ ಮಹಾನುಭಾವ. ನನಗೆ ನಗು ಬಂತು, ಹಿಂದೆಯೇ ಭಯವೂ ಆಯಿತು, ಮೂರನೇ ವರ್ಷ ಆಳದ ಕಡೆ ನನಗೆ ಕಾಲು ಹಿಡಿದುಕೊಂಡದ್ದು ನೆನಪಾಗಿ. ಅವನು ಅಳುವುದೊಂದು ಬಾಕಿ. ಪ್ರಮಾಣಪತ್ರವಿಲ್ಲದಿದ್ದರೆ ಹಡಗಿನಿಂದ ಇಳಿಸಿ ಬಂದರಿನ ಹಗ್ಗದ ಉಗ್ರಾಣಕ್ಕೆ ಹಾಕುತ್ತಾರೆ, ಈ ಹಡಗು ಬಿಟ್ಟು ತನಗೆ ಬದುಕಲು ಬರುವುದಿಲ್ಲ ಎಂದ. ಬೈಯಬೇಕೆಂದು ಬಾಯಿ ತೆರೆದವನು ಅವನ ಪಕ್ಕದ ಮೂಟೆಯ ಮೇಲೆ ಕೂತೆ.

ಕಲಿಯುವುದೊಂದೇ ದಾರಿ ಎಂದು ತೀರ್ಮಾನವಾಯಿತು. ಬಂದರಿನ ಕೊಳಕ್ಕೆ ಹೋದರೆ ಗುಟ್ಟು ರಟ್ಟಾಗುತ್ತದೆ, ಆದ್ದರಿಂದ ಪಟ್ಟಣದ ಸಾರ್ವಜನಿಕ ಕೊಳ. ಅಲ್ಲಿ ಜಾಗ ಖಾಲಿ ಇದ್ದದ್ದು ಬೆಳಿಗ್ಗೆ ಆರರ ತರಗತಿಯಲ್ಲಿ ಮಾತ್ರ, ಅದು ಮಂಡಿ ನೋವಿನವರಿಗೆ. ಚಾರ್ಟಪ್ಪ ಅರ್ಜಿಯಲ್ಲಿ ಮಂಡಿ ನೋವು ಎಂದು ಬರೆದು, ಅಭ್ಯಾಸಕ್ಕೆಂದು ಗೇಟಿನಿಂದಲೇ ಕುಂಟುತ್ತಾ ಒಳಗೆ ಹೋದ. ನೀರಿನಲ್ಲಿ ಟೋಪಿ ಹಾಕಿಕೊಂಡ ಒಂಬತ್ತು ಅಜ್ಜಿಯಂದಿರು ಸಾಲಾಗಿ ನಿಂತಿದ್ದರು. ಎಡಗಡೆಯಿಂದ ಎರಡನೆಯವರು ನಮ್ಮ ಅತ್ತೆ.

ವೈದ್ಯರು ಹೇಳಿದರೆಂದು ಅತ್ತೆ ಎರಡು ದಿನದ ಹಿಂದಷ್ಟೇ ಸೇರಿದ್ದರಂತೆ, ಮನೆಯಲ್ಲಿ ಮಾವನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅಳಿಯನನ್ನು ಕಂಡದ್ದೇ ಅವರ ಮುಖ ಅರಳಿತು. ನೋಡಿ, ನನಗೇನಾದರೂ ಆದೀತು ಅಂತ ಕೆಲಸಕ್ಕೆ ಮುಂಚೆ ಕಾಯೋಕೆ ಬಂದಿದ್ದಾನೆ, ಹಡಗಿನಲ್ಲಿ ಹನ್ನೊಂದು ವರ್ಷದ ರಕ್ಷಕ ಇವನು ಎಂದು ಎಂಟು ಜನಕ್ಕೂ ಪರಿಚಯ ಮಾಡಿಸಿದರು. ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡ ಶಿಕ್ಷಕಿ ಸಂತೋಷದಿಂದ ಉದ್ದನೆಯ ಕೋಲೊಂದನ್ನು ಅವನ ಕೈಗಿತ್ತು, ಹಾಗಾದರೆ ಆಳದ ಕಡೆ ನೀವು ನೋಡಿಕೊಳ್ಳಿ ಎಂದರು. ಚಾರ್ಟಪ್ಪ ಕೋಲು ಹಿಡಿದು ದಡದಲ್ಲಿ ನಿಂತ. ಹದಿನೆಂಟು ದಿನ ಹಾಗೆಯೇ ನಿಂತ, ಒಂದು ಬೆರಳೂ ಒದ್ದೆಯಾಗಲಿಲ್ಲ.

ಆ ಮನುಷ್ಯನಿಗೆ ಸುಮ್ಮನಿರಲು ಬಂದರೆ ತಾನೆ. ಮೂರನೇ ದಿನ ಅಜ್ಜಿಯರು ಕ್ರಮವಿಲ್ಲದೆ ಕಲಿಯುತ್ತಿರುವುದು ಅವನ ಕಣ್ಣಿಗೆ ಚುಚ್ಚಿತು. ನಾಲ್ಕನೇ ದಿನ ಕೊಳದ ಗೋಡೆಗೆ ಚಾರ್ಟು ಅಂಟಿತು. ಉಸಿರು ಕಟ್ಟುವುದು ಹಳದಿ, ತೇಲುವುದು ನೀಲಿ, ಕಾಲು ಬಡಿಯುವುದು ಹಸಿರು. ದೇವರಾಣೆ ಹೇಳುತ್ತೇನೆ, ಚಾರ್ಟು ಚೆನ್ನಾಗಿತ್ತು. ಎರಡು ವಾರದಲ್ಲಿ ಒಂಬತ್ತೂ ಅಜ್ಜಿಯರು ತೇಲಿದರು, ಆರು ಜನ ಈಜಿದರು. ನಮ್ಮ ಅತ್ತೆ ಕೊಳದ ಆ ತುದಿಯಿಂದ ಈ ತುದಿಗೆ ಹೋಗಿ ಬರುತ್ತಾ, ನಡುವೆ ನಿಂತು ಪಕ್ಕದ ಮನೆಯವಳ ಮಗಳ ಮದುವೆಯ ವಿಚಾರ ಮಾತಾಡುವಷ್ಟು ಪಳಗಿದರು. ಇಡೀ ತರಗತಿಯಲ್ಲಿ ಈಜು ಬಾರದವನು ಕೋಲು ಹಿಡಿದವನೊಬ್ಬನೇ ಉಳಿದ.

ಕುಟುಂಬ ದಿನ ಬಂತು. ಬಂದರಿನ ಕೊಳದ ಸುತ್ತ ಕುರ್ಚಿ, ನೆರಳಿಗೆ ಬಟ್ಟೆ, ಒಂದು ಮೂಲೆಯಲ್ಲಿ ನನ್ನ ಸೂಪಿನ ದೊಡ್ಡ ಪಾತ್ರೆ. ಮುಂದಿನ ಸಾಲಿನಲ್ಲಿ ಅತ್ತೆ, ಮಾವ, ನನ್ನ ಹೆಂಡತಿ, ಅವನ ಹೆಂಡತಿ. ಅವರ ಪಕ್ಕದ ಮನೆಯವರೂ ಬಂದಿದ್ದರು, ಯಾರೂ ಕರೆದಿರಲಿಲ್ಲ. ಕಪ್ತಾನರು ಮೈಕು ಹಿಡಿದು ಚಾರ್ಟಪ್ಪನ ಗುಣಗಾನ ಮಾಡುವಾಗ ಅವನು ಆಳದ ಕಡೆಯ ಅಂಚಿನಲ್ಲಿ ಬಿಳಿಚಿಕೊಂಡು ನಿಂತಿದ್ದ. ಎರಡು ಮಾತಾಡಿ ಎಂದು ಮೈಕು ಅವನ ಕೈಗೆ ಬಂತು. ಆಗ ಅವನು ನನ್ನ ಕಡೆ ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ.

"ಎಲ್ಲರೂ ಕ್ಷಮಿಸಬೇಕು," ಎಂದ. "ನಂಗೆ ಈಜು ಬರಲ್ಲ."

ಇಡೀ ಕೊಳ ನಕ್ಕಿತು. ಮುಳುಗುವವನ ಪಾತ್ರವನ್ನು ತಾನೇ ಮಾಡಿ ತೋರಿಸುತ್ತಿದ್ದಾನೆ ಎಂದುಕೊಂಡು ಕಪ್ತಾನರು ಮೊದಲು ಚಪ್ಪಾಳೆ ತಟ್ಟಿದರು, ಉಳಿದವರು ಜೊತೆಗೂಡಿದರು. ಇಲ್ಲ, ನಿಜವಾಗಿಯೂ ಬರಲ್ಲ ಎಂದು ಅವನು ಕೈಯಾಡಿಸಿದಷ್ಟೂ ಚಪ್ಪಾಳೆ ಜೋರಾಯಿತು. ಮೈಕು ಹಿಂದಕ್ಕೆ ಕೊಡಲು ಅವನು ಒಂದು ಹೆಜ್ಜೆ ಪಕ್ಕಕ್ಕಿಟ್ಟ, ಆ ಪಕ್ಕದಲ್ಲಿ ನೆಲ ಇರಲಿಲ್ಲ.

ನಾನು ಸೌಟು ಬಿಸಾಡಿ ಕೂಗಿಕೊಂಡೆ, ಅವನಿಗೆ ನಿಜವಾಗಿಯೂ ಬರಲ್ಲ ಎಂದು. ಅಡುಗೆಯವನಿಗೂ ಪಾತ್ರ ಕೊಟ್ಟಿದ್ದಾರೆ ಎಂದು ಯಾರೋ ಮೆಚ್ಚಿಕೊಂಡರು. ಚಾರ್ಟಪ್ಪ ಒಮ್ಮೆ ಮೇಲೆ ಬಂದ, ಬಾಯಿ ತೆರೆದ, ಕೆಳಗೆ ಹೋದ. ಎರಡನೇ ಸಲ ಬಂದಾಗ ಉಪಕಪ್ತಾನರಿಗೆ ಮಾತ್ರ ಸ್ವಲ್ಪ ಅನುಮಾನ ಬಂತು. ಅವರು ಕಂಕುಳಲ್ಲಿದ್ದ ಚಾರ್ಟಿನ ಪ್ರತಿ ಬಿಚ್ಚಿ, ಕನ್ನಡಕ ಏರಿಸಿಕೊಂಡು, ಪಕ್ಕದ ನಾವಿಕನನ್ನು ವಿಚಾರಿಸಿದರು.

"ಈ ಹೊತ್ತಿಗೆ ರಕ್ಷಣಾ ಕರ್ತವ್ಯ ಯಾರದು?"

"ಅವರದೇ ಸರ್."

"ಎಲ್ಲಿದ್ದಾರೆ?"

"ನೀರಲ್ಲಿದ್ದಾರೆ ಸರ್."

"ಹಾಗಾದ್ರೆ ಸರಿ," ಎಂದು ಉಪಕಪ್ತಾನರು ಚಾರ್ಟು ಸುತ್ತಿದರು.

ಎಪ್ಪತ್ತಾರು ಈಜುಗಾರರು ನೆಟ್ಟಗೆ ನಿಂತಿದ್ದರು, ಯಾರ ಚೌಕದಲ್ಲೂ ಆ ಕೆಲಸ ಇರಲಿಲ್ಲ. ನಾನು ಜನರನ್ನು ತಳ್ಳಿಕೊಂಡು ಓಡಿದೆ, ನಡುವೆ ಕುರ್ಚಿಗೆ ಕಾಲು ಸಿಕ್ಕಿ ಮಾವನ ಮಡಿಲಿಗೆ ಬಿದ್ದೆ. ಅಲ್ಲಿಂದಲೇ ಕಂಡೆ. ಅತ್ತೆ ಎದ್ದು ನಿಂತರು, ಕನ್ನಡಕ ತೆಗೆದು ಕೈಚೀಲದೊಳಗೆ ಇಟ್ಟರು, ಕೈಚೀಲವನ್ನು ಮಗಳಿಗೆ ಕೊಟ್ಟರು, ಚಪ್ಪಲಿ ಬಿಟ್ಟರು. ಉಟ್ಟ ಬಟ್ಟೆಯಲ್ಲೇ ನೀರಿಗೆ ಹಾರಿದರು. ನಾಲ್ಕು ಬಾರಿ ಕೈ ಬೀಸಿ ಅವನ ಹತ್ತಿರ ಹೋಗಿ, ಅಂಗಿಯ ಕಾಲರು ಹಿಡಿದು ದಡಕ್ಕೆ ಎಳೆದು ತಂದರು. ಆಗ ಚಪ್ಪಾಳೆ ನಿಂತಿತು.

ಕಪ್ತಾನರು ಸಿಟ್ಟು ಮಾಡಿಕೊಳ್ಳಲಿಲ್ಲ, ಅದು ಇನ್ನೂ ಕಷ್ಟ. ತಮ್ಮ ಕೋಣೆಯಲ್ಲಿ ಒದ್ದೆ ಅಳಿಯನನ್ನೂ ಒದ್ದೆ ಅತ್ತೆಯನ್ನೂ ಕೂರಿಸಿ, ನಾನು ತಂದ ಬಿಸಿ ಸೂಪು ಕೊಡಿಸಿ, ಹನ್ನೊಂದು ವರ್ಷದ ವಿಷಯ ಪೂರ್ತಿ ಕೇಳಿದರು. ಆಮೇಲೆ ಎದ್ದು ಹೋಗಿ, ಒಬ್ಬನ ಚೌಕಕ್ಕೆ ಇನ್ನೊಬ್ಬ ಕೈ ಹಾಕಬಾರದು ಎಂಬ ನಿಯಮದ ಹಾಳೆಯನ್ನು ಗೋಡೆಯಿಂದ ಕಿತ್ತುಹಾಕಿದರು. ಪ್ರಯಾಣಕ್ಕೆ ಒಂಬತ್ತು ದಿನ ಇದೆ, ಹತ್ತನೇ ದಿನ ಬೆಳಿಗ್ಗೆ ಹತ್ತಕ್ಕೆ ಹಡಗು ಹೊರಡುತ್ತದೆ, ಅಷ್ಟರಲ್ಲಿ ಐವತ್ತು ಮೀಟರ್ ಈಜಿದರೆ ಹಡಗು, ಇಲ್ಲದಿದ್ದರೆ ಹಗ್ಗದ ಉಗ್ರಾಣ ಎಂದರು. ಒಂಬತ್ತು ದಿನದಲ್ಲಿ ಇವನಿಗೆ ಕಲಿಸುವವರು ಯಾರು ಎಂದು ಅವರೇ ಯೋಚನೆಗೆ ಬಿದ್ದಾಗ ಅತ್ತೆ ಸೂಪಿನ ಬಟ್ಟಲು ಕೆಳಗಿಟ್ಟು, "ನಾನೇ," ಎಂದರು.

ಮನೆಯಲ್ಲಿ ಅವನ ಹೆಂಡತಿ ಎರಡು ದಿನ ಅವನೊಡನೆ ಮಾತು ಬಿಟ್ಟಳು. ಮೂರನೇ ದಿನ ನನ್ನ ಮುಂದೆಯೇ ಕೇಳಿದಳು. "ಹಡಗು ಮುಳುಗಿದ್ರೂ ಇವ್ರು ಈಜಿಕೊಂಡು ಮನೆಗೆ ಬರ್ತಾರೆ ಅಂದ್ಕೊಂಡು ಹನ್ನೊಂದು ವರ್ಷ ನಿಶ್ಚಿಂತೆಯಾಗಿ ಮಲಗಿದ್ನಲ್ಲ ಭಾವ, ಇನ್ನು ಹೇಗೆ ಮಲಗಲಿ?" ನಾನು ಬಂದ ಕೆಲಸ ಮರೆತು ಹೊರಟುಬಿಟ್ಟೆ.

ಪಟ್ಟಣದ ಕೊಳದಲ್ಲಿ ತರಬೇತಿಯ ಮೊದಲ ದಿನ ಅವನು ಅತ್ತೆಗೆ ಕೊಟ್ಟದ್ದು ಒಂಬತ್ತು ದಿನದ ಚಾರ್ಟು, ನಾಲ್ಕು ಬಣ್ಣದಲ್ಲಿ. ಅತ್ತೆ ಅದನ್ನು ಮಡಚಿ ಒದ್ದೆ ಬೆಂಚಿನ ಮೇಲೆ ಹಾಸಿ ಅದರ ಮೇಲೆ ಕೂತರು. ಅವನು ಕೊಳದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದವನು ನಾಲ್ಕನೇ ದಿನದವರೆಗೆ ಬಿಡಲಿಲ್ಲ. ಎಂಟು ಅಜ್ಜಿಯರು ಸುತ್ತ ನಿಂತು ತಲೆಗೊಂದು ಸಲಹೆ ಕೊಟ್ಟರು. ಕೊನೆಗೆ ಅತ್ತೆ ಎಲ್ಲರನ್ನೂ ದೂರ ಕಳಿಸಿ, ಅವನ ಬೆನ್ನ ಕೆಳಗೆ ಕೈಯಿಟ್ಟು ಹೇಳಿದ ಮಾತು, ಈ ಸಲ ಅವನ ಬದಲು ಕೋಲು ಹಿಡಿದು ದಡದಲ್ಲಿ ನಿಂತಿದ್ದ ನನಗೂ ಕೇಳಿಸಿತು.

"ನಂಗೂ ಮೊದಮೊದಲು ಜೀವ ಬಾಯಿಗೆ ಬಂದಿತ್ತು ಕಣೋ. ನೀನು ದಡದಲ್ಲಿದ್ದೀಯಲ್ಲ ಅಂತ ಕೈ ಬಿಟ್ಟೆ. ಈಗ ನಾನಿದ್ದೀನಿ, ಬಿಡು."

ಅವನು ಬಿಟ್ಟ. ಮುಳುಗಿದ, ಕೆಮ್ಮಿದ, ಅತ್ತೆಯ ಟೋಪಿ ಕಿತ್ತ. ಐದನೇ ದಿನ ತೇಲಿದ. ಏಳನೇ ದಿನ ಹತ್ತು ಮೀಟರ್. ಒಂಬತ್ತನೇ ದಿನ ಇಪ್ಪತ್ತು ಮೀಟರಿಗೆ ನಿಂತುಹೋದ, ಮತ್ತೆ ಪ್ರಯತ್ನಿಸಿ ಮತ್ತೆ ಇಪ್ಪತ್ತಕ್ಕೇ ನಿಂತ.

ಹತ್ತನೇ ದಿನ ಬೆಳಿಗ್ಗೆ ಬಂದರಿನ ಕೊಳದಲ್ಲಿ ಪರೀಕ್ಷೆ. ಎಂಟು ಗಂಟೆಗೆ ಮೂವತ್ತು ಮೀಟರ್ ಹೋಗಿ ಕಂಬಿ ಹಿಡಿದ. ಒಂಬತ್ತಕ್ಕೆ ಮೂವತ್ತೈದಕ್ಕೆ ಹಿಡಿದ. ನನಗೆ ಹಡಗಿಗೆ ಹೋಗಲೇಬೇಕಿತ್ತು, ಹೋದೆ. ಕೊಳ ಇರುವುದು ಹಡಗು ಕಟ್ಟಿದ ಕಟ್ಟೆಯ ಪಕ್ಕದಲ್ಲೇ, ಹಡಗಿನ ಡೆಕ್ಕಿನ ಮೇಲೆ ನಿಂತರೆ ಗೋಡೆಯಾಚೆ ನೀರು ಕಾಣುತ್ತದೆ. ಹತ್ತಕ್ಕೆ ಐದು ನಿಮಿಷವಿದ್ದಾಗ ಅವನು ಮೂರನೇ ಸಲ ನೀರಿಗಿಳಿದ. ಎಂಜಿನ್ ಕೋಣೆಯವರು, ಹಗ್ಗ ಬಿಚ್ಚಬೇಕಾದವರು, ನನ್ನ ಅಡುಗೆಯವರು, ಹಡಗೆಲ್ಲ ಒಂದೇ ಪಕ್ಕಕ್ಕೆ ಬಂದು ನಿಂತಿತು.

ಅವನು ಈಜಿದ ಶೈಲಿಗೆ ಹೆಸರಿಲ್ಲ. ಒಂದು ಕೈ ನೀರನ್ನು ತಳ್ಳುತ್ತಿತ್ತು, ಇನ್ನೊಂದು ಯಾರನ್ನೋ ಕರೆಯುತ್ತಿತ್ತು, ಕಾಲುಗಳು ತಮ್ಮಷ್ಟಕ್ಕೆ ಬೇರೆ ಕೆಲಸದಲ್ಲಿದ್ದವು. ಅತ್ತೆ ಪಕ್ಕದಲ್ಲೇ ದಡದ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತಿದ್ದರು, ಅವರ ಹಿಂದೆ ಅವನ ಹೆಂಡತಿ. ಹತ್ತು ಗಂಟೆ ಹೊಡೆಯಿತು. ಏಣಿ ತೆಗೆಯಬೇಕಾದವನು ಕಪ್ತಾನರ ಮುಖ ನೋಡಿದ. "ತಡಿ," ಎಂದರು ಕಪ್ತಾನರು, ಗಡಿಯಾರವನ್ನು ಜೇಬಿಗಿಳಿಸಿ ಡೆಕ್ಕಿನ ಕಂಬಿಯ ಮೇಲೆ ಬಗ್ಗಿ ನಿಂತರು. ಮೂವತ್ತೈದು ಮೀಟರ್ ದಾಟಿದ. ನಲವತ್ತಕ್ಕೆ ಅವನ ತಲೆ ಕಾಣಲಿಲ್ಲ, ಉಪಕಪ್ತಾನರು ಯಾವ ಚಾರ್ಟನ್ನೂ ನೋಡದೆ ಬೂಟು ಬಿಚ್ಚತೊಡಗಿದರು. ತಲೆ ಮತ್ತೆ ಕಂಡಿತು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಚಾರ್ಟಪ್ಪ ಗೋಡೆ ಮುಟ್ಟಿದ. ನಾನು ಅತ್ತೆ ಎಂದು ಕೂಗಿದೆನೋ ಅವನ ಹೆಸರು ಕೂಗಿದೆನೋ ನನಗೆ ಗೊತ್ತಿಲ್ಲ, ಕಣ್ಣಲ್ಲಿ ನೀರು ಬಂದದ್ದು ಮಾತ್ರ ಗೊತ್ತು.

ನೀರು ಸೋರಿಸಿಕೊಂಡೇ ಅವನು ಏಣಿ ಹತ್ತಿದ, ಹಡಗು ಹೊರಟಿತು. ತಡವಾಗಿ ಹೊರಟರೆ ಮುಖ್ಯ ಕಚೇರಿಗೆ ಕಾರಣ ಬರೆದು ಕಳಿಸುವುದು ನಿಯಮ, ಬರೆಯಬೇಕಾದವನು ಯೋಜಕನೇ. ಹನ್ನೊಂದು ವರ್ಷದಲ್ಲಿ ನಮ್ಮ ಹಡಗು ಒಂದು ನಿಮಿಷ ತಡವಾದದ್ದಿಲ್ಲ, ಆ ಪತ್ರ ಹೇಗಿರುತ್ತದೆಂದೇ ಅವನಿಗೆ ಗೊತ್ತಿರಲಿಲ್ಲ. ಟವೆಲ್ ಸುತ್ತಿಕೊಂಡು ನನ್ನ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ ಬಹಳ ಹೊತ್ತು ಯೋಚಿಸಿದ. ಗಾಳಿಯೆಂದು ಬರಿ, ಅಲೆಯೆಂದು ಬರಿ ಎಂದು ನಾನು ಹೇಳಿಕೊಟ್ಟೆ. ಅವನು ಕೇಳಲಿಲ್ಲ. ಕಪ್ತಾನರು ಓದಿ, ಏನೂ ತಿದ್ದದೆ ಸಹಿ ಹಾಕಿದರು.

'ತಡಕ್ಕೆ ಕಾರಣ: ತರಬೇತಿ ಯೋಜಕರು ಈಜುತ್ತಿದ್ದರು.'